ಒಂಬತ್ತು ಗಂಟೆ ಸಾಕಾ, ಹನ್ನೊಂದೂವರೆ ಗಂಟೆ ಬೇಕಾ? ಉದ್ದ ಮಾಡಿದ ಫ್ಯಾಂಟಸಿ ಸಿನಿಮಾಗಳ ಲೆಕ್ಕಾಚಾರ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಸಿನಿಮಾ ಹುಚ್ಚಿರುವ ಯಾವುದೇ ಫ್ರೆಂಡ್ಸ್ ಗ್ರೂಪ್‌ನಲ್ಲಿ ಜಗಳ ಹಚ್ಚೋಕೆ ಸಾಕಾಗುವ ಒಂದು ಪ್ರಶ್ನೆ ತಗೊಂಡು ಬಂದಿದ್ದೀನಿ.

ನಿಮ್ಮ ವಾಟ್ಸಾಪ್ ಗ್ರೂಪ್‌ನಲ್ಲಿ ಯಾರಾದರೂ "ನಾನು ಇನ್ನೂ ಲಾರ್ಡ್ ಆಫ್ ದಿ ರಿಂಗ್ಸ್ ನೋಡಿಲ್ಲ, ಈ ವೀಕೆಂಡ್ ಶುರು ಮಾಡ್ತೀನಿ" ಅಂತ ಹಾಕಿದರು ಅಂದ್ಕೊಳ್ಳಿ. ಒಂದೇ ನಿಮಿಷದಲ್ಲಿ ಉತ್ತರ ಬರುತ್ತೆ: "ಎಕ್ಸ್‌ಟೆಂಡೆಡ್ ನೋಡು ಮಾರಾಯ, ಥಿಯೇಟರ್ ವರ್ಷನ್ ನೋಡಿದ್ರೆ ನೋಡಿದ ಹಾಗೇ ಅಲ್ಲ." ಅಭಿಮಾನಿಗಳ ಲೋಕದಲ್ಲಿ ಇದು ಹತ್ತಿರ ಹತ್ತಿರ ಶಾಸನವೇ ಆಗಿಬಿಟ್ಟಿದೆ. ಉದ್ದ ಇದ್ದಷ್ಟೂ ಒಳ್ಳೇದು, ಉದ್ದದ್ದೇ ಅಸಲಿ, ಚಿಕ್ಕದ್ದು ಸ್ಟುಡಿಯೋದವರು ದುಡ್ಡಿಗಾಗಿ ಕತ್ತರಿಸಿದ್ದು ಅಂತ.

ಇದು ನಿಜಾನಾ? ನನ್ನ ಉತ್ತರ ಈಗಲೇ ಹೇಳಿಬಿಡ್ತೀನಿ. ಮೊದಲ ಸಲ ನೋಡುವವರಿಗೆ ಅಲ್ಲ. ಎರಡನೇ ಸಲ ನೋಡುವವರಿಗೆ ಹೌದು, ಬಹುಪಾಲು. ಯಾಕೆ ಅಂತ ವಿವರವಾಗಿ ನೋಡೋಣ. ಅಂದ ಹಾಗೆ, ಈ ಸಂಚಿಕೆಯಲ್ಲಿ ಕಥೆಯ ಗುಟ್ಟುಗಳು ಸಾಕಷ್ಟು ಬರುತ್ತವೆ. ಸಿನಿಮಾ ನೋಡಿಲ್ಲದವರು ಇಲ್ಲೇ ನಿಲ್ಲಿಸಿ, ನೋಡಿ ಬಂದು ಕೇಳಿದರೂ ಬೇಜಾರಿಲ್ಲ.

ಮೊದಲು ಲೆಕ್ಕ

ಪೀಟರ್ ಜಾಕ್ಸನ್ ನಿರ್ದೇಶನದ ಈ ಮೂರು ಸಿನಿಮಾಗಳು ಚಿತ್ರಮಂದಿರಕ್ಕೆ ಬಂದಿದ್ದು 2001, 2002 ಮತ್ತು 2003ರಲ್ಲಿ. ಮೊದಲನೇದು 'ಫೆಲೋಶಿಪ್ ಆಫ್ ದಿ ರಿಂಗ್' 178 ನಿಮಿಷ, ಎರಡನೇದು 'ಟೂ ಟವರ್ಸ್' 179 ನಿಮಿಷ, ಮೂರನೇದು 'ರಿಟರ್ನ್ ಆಫ್ ದಿ ಕಿಂಗ್' 201 ನಿಮಿಷ. ಒಟ್ಟು ಒಂಬತ್ತೂಕಾಲು ಗಂಟೆ ಹಿಡಿಯಿರಿ.

ಆಮೇಲೆ ಡಿವಿಡಿಯಲ್ಲಿ ಬಂದ ಎಕ್ಸ್‌ಟೆಂಡೆಡ್ ಆವೃತ್ತಿಗಳು 208, 223 ಮತ್ತು 251 ನಿಮಿಷ. ಕೊನೆಯಲ್ಲಿ ಬರುವ ಫ್ಯಾನ್ ಕ್ಲಬ್ ಸದಸ್ಯರ ಹೆಸರುಗಳ ಪಟ್ಟಿ ಬಿಟ್ಟು ಹೇಳ್ತಿರೋದು. ಆ ಪಟ್ಟಿಯೇ ಹತ್ತಿಪ್ಪತ್ತು ನಿಮಿಷ ಓಡುತ್ತೆ! ಒಟ್ಟು ಹನ್ನೊಂದು ಗಂಟೆ 22 ನಿಮಿಷ. ಅಂದ್ರೆ ಸೇರಿಸಿದ ಭಾಗವೇ ಎರಡು ಗಂಟೆಗಿಂತ ಹೆಚ್ಚು. ಇನ್ನೊಂದು ಪೂರ್ತಿ ಸಿನಿಮಾದಷ್ಟು.

ಇದು ಸುಮ್ಮನೆ ಕತ್ತರಿಸಿ ಬಿಸಾಕಿದ್ದನ್ನ ಹೆಕ್ಕಿ ಅಂಟಿಸಿದ್ದಲ್ಲ ಅನ್ನೋದನ್ನೂ ಹೇಳಬೇಕು. ಹೊಸ ದೃಶ್ಯಗಳಿಗೆ ಗ್ರಾಫಿಕ್ಸ್ ಕೆಲಸ ಪೂರ್ತಿ ಮಾಡಿಸಿದರು. ಹೋವರ್ಡ್ ಶೋರ್ ಮತ್ತೆ ಕೂತು ಅವಕ್ಕೆ ಹೊಸದಾಗಿ ಸಂಗೀತ ಮಾಡಿದರು. ಹಾಗಾಗಿಯೇ ನೋಡುವಾಗ ಎಲ್ಲಿ ಹೊಲಿಗೆ ಹಾಕಿದ್ದಾರೆ ಅಂತ ಕಣ್ಣಿಗೆ ಕಾಣಲ್ಲ.

ಹೆಸರಲ್ಲೇ ಗೊಂದಲ ಇದೆ

ನಾವೆಲ್ಲ 'ಡೈರೆಕ್ಟರ್ಸ್ ಕಟ್' ಮತ್ತು 'ಎಕ್ಸ್‌ಟೆಂಡೆಡ್ ಎಡಿಷನ್' ಎರಡನ್ನೂ ಒಂದೇ ಅರ್ಥದಲ್ಲಿ ಬಳಸ್ತೀವಿ. ಅವೆರಡೂ ಒಂದೇ ಅಲ್ಲ.

ಡೈರೆಕ್ಟರ್ಸ್ ಕಟ್ ಅಂದ್ರೆ ನಿರ್ದೇಶಕರು ತಮಗೆ ಬೇಕಾದ ಹಾಗೆ ಜೋಡಿಸಿದ ಆವೃತ್ತಿ. ಅದು ಉದ್ದವೇ ಇರಬೇಕು ಅಂತ ಎಲ್ಲೂ ಇಲ್ಲ. ರಿಡ್ಲಿ ಸ್ಕಾಟ್ ಅವರ 'ಏಲಿಯನ್' ಬಂದಿದ್ದು 1979ರಲ್ಲಿ. 2003ರಲ್ಲಿ ಅದರ ಡೈರೆಕ್ಟರ್ಸ್ ಕಟ್ ಬಂತು. ಅದು ಮೂಲ ಸಿನಿಮಾಗಿಂತ ಸುಮಾರು ಒಂದು ನಿಮಿಷ ಕಮ್ಮಿ! ಒಂದಿಷ್ಟು ದೃಶ್ಯ ಸೇರಿಸಿದರು, ಇನ್ನೊಂದಿಷ್ಟು ಕಡೆ ಟ್ರಿಮ್ ಮಾಡಿದರು.

ಜಾಕ್ಸನ್ ತಮ್ಮ ಉದ್ದದ ಆವೃತ್ತಿಗಳಿಗೆ ಬೇಕಂತಲೇ 'ಡೈರೆಕ್ಟರ್ಸ್ ಕಟ್' ಅಂತ ಹೆಸರಿಡಲಿಲ್ಲ. ಚಿತ್ರಮಂದಿರಕ್ಕೆ ಕಳಿಸಿದ್ದೇ ತಮ್ಮ ಆವೃತ್ತಿ, ಉದ್ದದ್ದು ಇನ್ನೂ ಬೇಕು ಅನ್ನೋ ಅಭಿಮಾನಿಗಳಿಗಾಗಿ ಮಾಡಿದ್ದು ಅನ್ನೋದು ಅವರ ನಿಲುವು. ಈ ಒಂದು ವಿಷಯ ಗೊತ್ತಾದರೆ "ಉದ್ದದ್ದೇ ಅಸಲಿ" ಅನ್ನೋ ವಾದ ಅರ್ಧ ಬಿದ್ದುಹೋಗುತ್ತೆ. ಸ್ಟುಡಿಯೋ ಕತ್ತರಿ ಹಾಕಿ ನಿರ್ದೇಶಕರನ್ನ ಅಳಿಸಿದ ಕಥೆ ಇಲ್ಲಿ ನಡೆದಿಲ್ಲ.

ಹಾಗಾದ್ರೆ ಬೇರೆ ಕಡೆ ನಡೆದಿದೆಯಾ? ನಡೆದಿದೆ, ಅದಕ್ಕೆ ಆಮೇಲೆ ಬರ್ತೀನಿ.

ಥಿಯೇಟರ್‌ನ ಗಡಿಯಾರ

ಸಿನಿಮಾ ಚಿಕ್ಕದಾಗಬೇಕು ಅನ್ನೋ ಒತ್ತಡ ಎಲ್ಲಿಂದ ಬರುತ್ತೆ? ಮೊದಲನೇ ಕಾರಣ ಶೋಗಳ ಲೆಕ್ಕ. ಮೂರು ಗಂಟೆ ಸಿನಿಮಾ, ಇಂಟರ್ವಲ್ಲು, ಹಾಲ್ ಗುಡಿಸೋದು ಎಲ್ಲಾ ಸೇರಿದರೆ ಮೂರೂವರೆ ಗಂಟೆ. ದಿನಕ್ಕೆ ನಾಲ್ಕು ಶೋ ಆರಾಮಾಗಿ ಆಗುತ್ತೆ. ಅದೇ ಸಿನಿಮಾ ನಾಲ್ಕು ಗಂಟೆ ಹತ್ತು ನಿಮಿಷ ಆದರೆ? ನಾಲ್ಕು ಶೋ ಹಾಕೋಕೆ ಹದಿನೆಂಟು ಹತ್ತೊಂಬತ್ತು ಗಂಟೆ ಬೇಕು. ಅಂದ್ರೆ ಒಂದು ಶೋ ಹೋಯ್ತು. ದಿನದ ಕಲೆಕ್ಷನ್‌ನಲ್ಲಿ ಕಾಲು ಭಾಗ ಹೋದ ಹಾಗೆ.

ಆದರೆ ಇದಿಷ್ಟೇ ಅಲ್ಲ. ಎರಡನೇ ಕಾರಣ ಕೂತಿರುವ ನಾವು. ಕತ್ತಲಲ್ಲಿ, ಪಾಸ್ ಮಾಡೋಕೆ ಆಗದ ಜಾಗದಲ್ಲಿ, ಅಪರಿಚಿತರ ನಡುವೆ ಕೂತು ನೋಡುವಾಗ ಕಥೆ ಮುಂದೆ ಹೋಗ್ತಾ ಇರಬೇಕು. ಅದೇ ಡಿವಿಡಿಯಲ್ಲಿ ಎಕ್ಸ್‌ಟೆಂಡೆಡ್ ಆವೃತ್ತಿಯನ್ನ ಎರಡು ಡಿಸ್ಕ್‌ಗೆ ಹಂಚಿದ್ದರು. ಒಂದು ಡಿಸ್ಕ್ ಮುಗಿದಾಗ ಎದ್ದು ಕಾಫಿ ಮಾಡ್ಕೊಂಡು ಬರಬಹುದು, ಉಳಿದಿದ್ದು ನಾಳೆ ನೋಡಬಹುದು. ಒಂಥರಾ ವೆಬ್ ಸರಣಿ ನೋಡಿದ ಹಾಗೆ. ಈಗ ಒಟಿಟಿಯಲ್ಲಿ ನಾವು ಎಲ್ಲವನ್ನೂ ನೋಡೋದೇ ಹಾಗೆ, ಅಲ್ವಾ? ಜಾಗ ಬದಲಾದರೆ ಸಿನಿಮಾದ ಅಳತೆಯೂ ಬದಲಾಗುತ್ತೆ.

ಉದ್ದ ಮಾಡಿದ್ದರಿಂದ ಲಾಭ ಆಗಿದ್ದೆಲ್ಲಿ

ಈಗ ಒಂದೊಂದೇ ದೃಶ್ಯ ನೋಡೋಣ. ಮೊದಲು ಉದ್ದದ ಆವೃತ್ತಿ ಗೆದ್ದ ಜಾಗಗಳು.

ಮೊದಲನೇದು, ಫರಾಮಿರ್. 'ಟೂ ಟವರ್ಸ್' ಥಿಯೇಟರ್ ಆವೃತ್ತಿಯಲ್ಲಿ ಈ ಮನುಷ್ಯ ಯಾಕೆ ಹೀಗೆ ಆಡ್ತಾನೆ ಅಂತಾನೇ ತಿಳಿಯಲ್ಲ. ಫ್ರೋಡೊ ಮತ್ತು ಸ್ಯಾಮ್‌ನ ಹಿಡೀತಾನೆ, ಉಂಗುರ ಸಿಕ್ಕಿದೆ ಅಂತ ಗೊತ್ತಾಗುತ್ತೆ, ಅಪ್ಪನ ಹತ್ರ ಕಳಿಸೋಕೆ ಹೊರಡ್ತಾನೆ. ಕೊನೆಗೆ ಇದ್ದಕ್ಕಿದ್ದಂತೆ ಮನಸ್ಸು ಬದಲಾಯಿಸಿ ಬಿಟ್ಟು ಕಳಿಸ್ತಾನೆ. ಕಥೆಗೆ ಒಂದು ಅಡ್ಡಿ ಬೇಕಿತ್ತು, ಹಾಗಾಗಿ ಇವನನ್ನ ತಂದು ನಿಲ್ಲಿಸಿದ್ದಾರೆ ಅನ್ನಿಸಿಬಿಡುತ್ತೆ.

ಉದ್ದದ ಆವೃತ್ತಿಯಲ್ಲಿ ಕೆಲವೇ ನಿಮಿಷದ ಒಂದು ಫ್ಲ್ಯಾಶ್‌ಬ್ಯಾಕ್ ಇದೆ. ಅಣ್ಣ ಬೊರೊಮಿರ್ ಊರನ್ನ ಮರಳಿ ಗೆದ್ದಿದ್ದಾನೆ. ಅಣ್ಣ ತಮ್ಮ ನಗ್ತಾ ಕುಡೀತಾ ಇದ್ದಾರೆ. ಅಪ್ಪ ಡೆನೆಥಾರ್ ಬರ್ತಾನೆ. ದೊಡ್ಡ ಮಗನನ್ನ ತಬ್ಬಿ ಹೊಗಳ್ತಾನೆ, ಚಿಕ್ಕವನನ್ನ ಎಲ್ಲರೆದುರು ಹೀಯಾಳಿಸ್ತಾನೆ. ಉಂಗುರದ ವಿಷಯ ಬಂದಾಗ "ನಾನು ಹೋಗ್ತೀನಿ" ಅಂತ ಫರಾಮಿರ್ ಮುಂದೆ ಬಂದರೆ ಅವನನ್ನ ತಳ್ಳಿಹಾಕಿ ಬೊರೊಮಿರ್‌ನನ್ನೇ ಕಳಿಸ್ತಾನೆ.

ಇಷ್ಟೇ ದೃಶ್ಯ. ಆದರೆ ನೋಡಿ, ಇದೊಂದು ಬಂದ ತಕ್ಷಣ ಮೂರು ಸಿನಿಮಾಗಳೂ ಬದಲಾಗುತ್ತವೆ. ಮೊದಲ ಸಿನಿಮಾದಲ್ಲಿ ಬೊರೊಮಿರ್ ಉಂಗುರಕ್ಕಾಗಿ ಯಾಕೆ ಅಷ್ಟು ಒದ್ದಾಡಿದ ಅಂತ ತಿಳಿಯುತ್ತೆ. ಎರಡನೇದರಲ್ಲಿ ಫರಾಮಿರ್‌ಗೆ ಆ ಉಂಗುರ ಅಂದ್ರೆ ಅಪ್ಪನ ಮೆಚ್ಚುಗೆ ಅಂತ ಅರ್ಥ ಆಗುತ್ತೆ. ಅದನ್ನ ಬಿಟ್ಟು ಕೊಟ್ಟಾಗ ಅವನು ಏನು ಕಳ್ಕೊಂಡ ಅನ್ನೋದು ಎದೆಗೆ ತಾಗುತ್ತೆ. ಮೂರನೇದರಲ್ಲಿ ಅಪ್ಪ ಅವನನ್ನ ಸಾಯೋಕೆ ಯುದ್ಧಕ್ಕೆ ಕಳಿಸುವ ದೃಶ್ಯ ಇದೆಯಲ್ಲ, ಅದರ ಭಾರ ದುಪ್ಪಟ್ಟಾಗುತ್ತೆ.

ಎರಡನೇದು, ಗಲಾಡ್ರಿಯೆಲ್ ಕೊಡುವ ಉಡುಗೊರೆಗಳು. ಕಾಡಿಗೆ ಬರುವಾಗ ಕುಳ್ಳ ಗಿಮ್ಲಿ ಅವಳನ್ನ ಮಾಟಗಾತಿ ಅನ್ನೋ ಹಾಗೆ ಮಾತಾಡ್ತಿರ್ತಾನೆ. ಕುಳ್ಳರಿಗೂ ಎಲ್ಫ್‌ಗಳಿಗೂ ತಲೆತಲಾಂತರದ ಮುನಿಸು. ಉದ್ದದ ಆವೃತ್ತಿಯಲ್ಲಿ, ಹೊರಡುವಾಗ ನಿನಗೇನು ಬೇಕು ಅಂತ ಅವಳು ಕೇಳಿದರೆ, ಇವನು ನಾಚ್ಕೊಂಡು ಅವಳ ಒಂದೇ ಒಂದು ಕೂದಲೆಳೆ ಕೇಳ್ತಾನೆ. ಅವಳು ಮೂರು ಕೊಟ್ಟಳು ಅಂತ ಆಮೇಲೆ ದೋಣಿಯಲ್ಲಿ ಕೂತು ಲೆಗೊಲಾಸ್‌ಗೆ ಹೇಳ್ತಾನೆ. ಒರಟು ಮನುಷ್ಯ ಹೇಗೆ ಕರಗಿಹೋದ ಅಂತ ಅಷ್ಟರಲ್ಲೇ ಗೊತ್ತಾಗುತ್ತೆ. ಮುಂದೆ ಅವನೂ ಲೆಗೊಲಾಸೂ ಜೀವದ ಗೆಳೆಯರಾಗೋದಕ್ಕೆ ಇದೇ ಅಡಿಪಾಯ.

ಮೂರನೇದು, ಇಯೋವಿನ್ ಮತ್ತು ಫರಾಮಿರ್. 'ರಿಟರ್ನ್ ಆಫ್ ದಿ ಕಿಂಗ್' ಥಿಯೇಟರ್ ಆವೃತ್ತಿಯ ಕೊನೆಯ ಪಟ್ಟಾಭಿಷೇಕದಲ್ಲಿ ಇವರಿಬ್ಬರೂ ಅಕ್ಕಪಕ್ಕ ನಿಂತು ನಗ್ತಿರ್ತಾರೆ. "ಇವರಿಬ್ಬರಿಗೆ ಯಾವಾಗ ಪರಿಚಯ ಆಯ್ತು?" ಅಂತ ಪ್ರಶ್ನೆ ಬಂದೇ ಬರುತ್ತೆ. ಆಸ್ಪತ್ರೆಯಂಥ ಮನೆಯಲ್ಲಿ ಗಾಯಗೊಂಡ ಇಬ್ಬರೂ ಭೇಟಿಯಾಗುವ ದೃಶ್ಯ ಇರೋದು ಉದ್ದದ ಆವೃತ್ತಿಯಲ್ಲಿ ಮಾತ್ರ.

ಈ ಮೂರರಲ್ಲೂ ಒಂದು ಸಾಮಾನ್ಯ ಅಂಶ ಇದೆ ಗಮನಿಸಿ. ಮೂರೂ "ಇವರು ಯಾರು, ಇವರಿಗೆ ಒಬ್ಬರಿಗೊಬ್ಬರು ಏನು" ಅನ್ನೋ ಪ್ರಶ್ನೆಗೆ ಉತ್ತರ ಕೊಡ್ತವೆ. ಅಂದ್ರೆ ಸಂಬಂಧಗಳನ್ನ ಗಟ್ಟಿ ಮಾಡ್ತವೆ.

ಉದ್ದ ಮಾಡಿ ಕೆಡಿಸಿದ್ದೆಲ್ಲಿ

ಈಗ ನಾಣ್ಯದ ಹಿಂಬದಿ ನೋಡೋಣ.

'ರಿಟರ್ನ್ ಆಫ್ ದಿ ಕಿಂಗ್'ನಲ್ಲಿ ಅರಗಾರ್ನ್ ಸತ್ತವರ ಸೈನ್ಯ ಇರುವ ಗುಹೆಗೆ ಹೋಗ್ತಾನೆ. ನಮ್ಮ ಪರ ಹೋರಾಡಿ, ನಿಮ್ಮ ಶಾಪ ಕಳೀತೀನಿ ಅಂತ ಕೇಳ್ತಾನೆ. ಥಿಯೇಟರ್ ಆವೃತ್ತಿಯಲ್ಲಿ ಅವರು ಉತ್ತರ ಕೊಡೋಕೆ ಮುಂಚೆಯೇ ದೃಶ್ಯ ಕಟ್ ಆಗುತ್ತೆ. ಒಪ್ಪಿದರೋ, ಇಲ್ಲವೋ? ಗೊತ್ತಿಲ್ಲ.

ಆ ಕಡೆ ರಾಜಧಾನಿಯಲ್ಲಿ ಭೀಕರ ಯುದ್ಧ. ನಮ್ಮವರು ಸೋಲ್ತಾ ಇದ್ದಾರೆ. ಅಷ್ಟರಲ್ಲಿ ನದಿಯಲ್ಲಿ ಶತ್ರುಗಳ ಕಪ್ಪು ಹಡಗುಗಳು ಬರ್ತವೆ. ಮುಗೀತು ಕಥೆ ಅನ್ನಿಸುತ್ತೆ. ಆ ಹಡಗಿನಿಂದ ಅರಗಾರ್ನ್ ಜಿಗೀತಾನೆ! ಹಿಂದೆ ಹಸಿರು ಬೆಳಕಿನ ಹೊಳೆಯ ಹಾಗೆ ಸತ್ತವರ ಸೈನ್ಯ! ಶಿಳ್ಳೆ ಹೊಡೆಯೋ ಸೀನು ಅಂದ್ರೆ ಇದು.

ಉದ್ದದ ಆವೃತ್ತಿಯಲ್ಲಿ ಏನಾಗುತ್ತೆ? ಗುಹೆಯಿಂದ ಆಚೆ ಬಂದ ಅರಗಾರ್ನ್ ಮುಂದೆ ಸತ್ತವರ ರಾಜ ಬಂದು ನಿಂತು ಹೋರಾಡ್ತೀವಿ ಅಂತ ಒಪ್ಕೊಳ್ತಾನೆ. ಆಮೇಲೆ ಅವರೆಲ್ಲ ಹೋಗಿ ಹಡಗುಗಳನ್ನ ತಡೆಯೋದನ್ನೂ ತೋರಿಸ್ತಾರೆ. ಆ ಕಡಲ್ಗಳ್ಳರ ಗುಂಪಲ್ಲಿ ಪೀಟರ್ ಜಾಕ್ಸನ್ ಅವರೇ ಚಿಕ್ಕ ಪಾತ್ರದಲ್ಲಿ ಬಂದು ಬಾಣ ತಿಂತಾರೆ. ತಮಾಷೆಯಾಗೇ ಇದೆ. ಆದರೆ ಕಪ್ಪು ಹಡಗು ಬಂದಾಗ ಅದರಲ್ಲಿ ಯಾರಿದ್ದಾರೆ ಅಂತ ನಮಗೆ ಮೊದಲೇ ಗೊತ್ತು. ಶಿಳ್ಳೆ ಹೊಡೆಯೋ ಸೀನು "ಓ, ಬಂದ್ರು" ಅನ್ನೋ ಸೀನಾಗಿಬಿಡುತ್ತೆ. ಒಂದು ಸಸ್ಪೆನ್ಸ್ ಪೂರ್ತಿ ನೀರಿಗೆ ಬಿತ್ತು.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯವಾಗಿದೆ. ಕೊನೆಯ ಯುದ್ಧಕ್ಕೆ ಮುಂಚೆ, ಕಪ್ಪು ದ್ವಾರದ ಮುಂದೆ 'ಮೌತ್ ಆಫ್ ಸೌರಾನ್' ಅನ್ನೋ ಶತ್ರುವಿನ ದೂತ ಬರ್ತಾನೆ. ಇದು ಉದ್ದದ ಆವೃತ್ತಿಯಲ್ಲಿ ಮಾತ್ರ ಇರೋ ದೃಶ್ಯ. ಫ್ರೋಡೊ ಹಾಕ್ಕೊಂಡಿದ್ದ ಬೆಳ್ಳಿಯಂಥ ಅಂಗಿಯನ್ನ ಎಸೆದು, ನಿಮ್ಮ ಹುಡುಗ ನಮ್ಮ ಕೈಲಿ ಸತ್ತ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಗ್ಯಾಂಡಾಲ್ಫ್, ಅರಗಾರ್ನ್ ಎಲ್ಲರ ಮುಖ ಕಪ್ಪಾಗುತ್ತೆ.

ಟೋಲ್ಕಿನ್ ಬರೆದ ಕಾದಂಬರಿಯಲ್ಲೂ ಈ ದೃಶ್ಯ ಇದೆ. ಅಲ್ಲಿ ಅದು ಜೀವ ಬಾಯಿಗೆ ತರುತ್ತೆ. ಯಾಕಂದ್ರೆ ಕಾದಂಬರಿಯಲ್ಲಿ ಆ ಹೊತ್ತಿಗೆ ಫ್ರೋಡೊನನ್ನ ಶತ್ರುಗಳು ಹಿಡಿದಿದ್ದಾರೆ ಅಂತಷ್ಟೇ ಓದುಗರಿಗೆ ಗೊತ್ತು. ಸ್ಯಾಮ್ ಹೋಗಿ ಬಿಡಿಸಿದ ಭಾಗ ಆಮೇಲೆ ಬರುತ್ತೆ. ಸಿನಿಮಾದಲ್ಲಿ? ಸ್ಯಾಮ್ ಬಿಡಿಸಿದ್ದನ್ನ ನಾವು ಆಗಲೇ ನೋಡಿ ಆಗಿದೆ! ಫ್ರೋಡೊ ಬದುಕಿದ್ದಾನೆ, ನಡೀತಾ ಇದ್ದಾನೆ ಅಂತ ನಮಗೆ ಗೊತ್ತು. ಹಾಗಾಗಿ ಆ ದೂತ ಎಷ್ಟು ಹೆದರಿಸಿದರೂ ನಮಗೆ ಏನೂ ಆಗಲ್ಲ. ಅದೇ ದೃಶ್ಯ, ಅದೇ ಪಾತ್ರ, ಆದರೆ ಕಥೆಯಲ್ಲಿ ಇಟ್ಟ ಜಾಗ ಬೇರೆ ಆದ್ದರಿಂದ ಸಪ್ಪೆ.

ಅದೂ ಸಾಲದು ಅಂತ ಅರಗಾರ್ನ್ ಆ ದೂತನ ತಲೆಯನ್ನೇ ಹಾರಿಸ್ತಾನೆ. ಮಾತುಕತೆಗೆ ಬಂದ ದೂತನನ್ನ ಕೊಲ್ಲಬಾರದು ಅನ್ನೋದು ಯಾವ ಕಾಲದ ರಾಜನೀತಿಯಲ್ಲೂ ಇರೋದೇ. ಕಾದಂಬರಿಯ ಅರಗಾರ್ನ್ ಹಾಗೆ ಮಾಡಲ್ಲ. ಇನ್ನೇನು ರಾಜ ಆಗಬೇಕಾದ ಮನುಷ್ಯನ ಘನತೆಗೇ ಇಲ್ಲಿ ಪೆಟ್ಟು.

ಈ ಎರಡು ದೃಶ್ಯಗಳೂ ಮೊದಲಿನ ಮೂರಕ್ಕಿಂತ ಹೇಗೆ ಬೇರೆ? ಇವು ಸಂಬಂಧದ ಬಗ್ಗೆ ಹೊಸದೇನೂ ಹೇಳಲ್ಲ. ಮೊದಲನೇದು ನಮಗೆ ಗೊತ್ತಿಲ್ಲದೇ ಇರಬೇಕಾದ್ದನ್ನ ಬೇಗ ಹೇಳಿಬಿಡುತ್ತೆ. ಎರಡನೇದು ನಮಗೆ ಆಗಲೇ ಗೊತ್ತಿರೋದನ್ನ ಗೊತ್ತಿಲ್ಲ ಅಂದ್ಕೊಂಡು ಹೆದರಿಸೋಕೆ ಬರುತ್ತೆ.

ನನ್ನ ಅಳತೆಗೋಲು ಇಷ್ಟೇ. ಸೇರಿಸಿದ ದೃಶ್ಯ ಒಂದು ಪಾತ್ರದ ಭಾರ ಹೆಚ್ಚಿಸಿದರೆ ಅದು ಸಿನಿಮಾಗೆ ಲಾಭ. ನೋಡುವವರ ಕುತೂಹಲ ಕದ್ದರೆ ನಷ್ಟ. ನಿಮಿಷಗಳ ಸಂಖ್ಯೆ ಇದರಲ್ಲಿ ಎಲ್ಲೂ ಬರಲ್ಲ.

ನಡುವೆ ಸಿಕ್ಕಿಕೊಂಡ ಸಾರುಮಾನ್

ಎಲ್ಲವೂ ಇಷ್ಟು ಸಲೀಸಾಗಿ ವಿಂಗಡಣೆ ಆಗಲ್ಲ ಅನ್ನೋದಕ್ಕೆ ಒಂದು ಉದಾಹರಣೆ ಕೊಡ್ತೀನಿ. ಖಳನಾಯಕ ಸಾರುಮಾನ್. ಪಾತ್ರ ಮಾಡಿದ್ದು ಕ್ರಿಸ್ಟೋಫರ್ ಲೀ. ಚಿತ್ರತಂಡದಲ್ಲಿ ಟೋಲ್ಕಿನ್ ಅವರನ್ನ ಖುದ್ದಾಗಿ ಭೇಟಿಯಾಗಿದ್ದ ಕಲಾವಿದ ಅವರು.

ಎರಡು ಸಿನಿಮಾ ಪೂರ್ತಿ ಭಯ ಹುಟ್ಟಿಸಿದ ಈ ಖಳ, ಮೂರನೇ ಸಿನಿಮಾದ ಥಿಯೇಟರ್ ಆವೃತ್ತಿಯಲ್ಲಿ ಕಾಣಿಸ್ಕೊಳ್ಳೋದೇ ಇಲ್ಲ. ಅವನ ಶಕ್ತಿ ಹೋಯ್ತು, ಗೋಪುರದಲ್ಲೇ ಇರಲಿ ಬಿಡಿ ಅನ್ನೋ ಹಾಗೆ ಎರಡು ಮಾತಲ್ಲಿ ಮುಗಿಸಿಬಿಡ್ತಾರೆ. ಅವನ ಸಾವಿನ ದೃಶ್ಯ ಚಿತ್ರೀಕರಣ ಆಗಿತ್ತು, ಆದರೆ ಬಿಡುಗಡೆಗೆ ಮುಂಚೆ ಕತ್ತರಿ ಬಿತ್ತು. ಲೀ ಅವರಿಗೆ ಬಹಳ ನೋವಾಯ್ತು, ಪ್ರೀಮಿಯರ್‌ಗೂ ಹೋಗಲಿಲ್ಲ. ಆಮೇಲೆ ಮುನಿಸು ಕರಗಿ, ಜಾಕ್ಸನ್ ಅವರ 'ಹಾಬಿಟ್' ಸಿನಿಮಾಗಳಲ್ಲಿ ಮತ್ತೆ ಅದೇ ಪಾತ್ರ ಮಾಡಿದರು. ಕತ್ತರಿಸಿದ ಆ ದೃಶ್ಯ ಎಕ್ಸ್‌ಟೆಂಡೆಡ್ ಆವೃತ್ತಿಯಲ್ಲಿ ವಾಪಸ್ ಬಂತು.

ಯಾರು ಸರಿ? ಎರಡು ಸಿನಿಮಾ ಕಾದ ಪ್ರೇಕ್ಷಕರಿಗೆ ಖಳನ ಅಂತ್ಯ ತೋರಿಸೋದು ನ್ಯಾಯ. ಆದರೆ ಅದು ಹಿಂದಿನ ಸಿನಿಮಾದ ಬಾಕಿ ಲೆಕ್ಕ. ಹೊಸ ಸಿನಿಮಾ ಶುರುವಾಗಿ, ಹೊಸ ಯುದ್ಧಕ್ಕೆ ಹೊರಡಬೇಕಾದ ಹೊತ್ತಲ್ಲಿ ಹಳೇ ಲೆಕ್ಕ ಚುಕ್ತಾ ಮಾಡ್ತಾ ಕೂತರೆ ಗಾಡಿ ಹೊರಡೋದು ತಡ ಆಗುತ್ತೆ. ಮೂರು ಸಿನಿಮಾಗಳನ್ನ ಒಂದೊಂದು ವರ್ಷ ಬಿಟ್ಟು ನೋಡಿದವರಿಗೆ ಥಿಯೇಟರ್ ಆವೃತ್ತಿ ಸರಿ. ಮನೆಯಲ್ಲಿ ಮೂರನ್ನೂ ಬೆನ್ನಿಗೆ ಬೆನ್ನು ನೋಡುವವರಿಗೆ ಉದ್ದದ್ದು ಸರಿ. ಎರಡೂ ಸರಿಯೇ, ಪ್ರೇಕ್ಷಕರು ಬೇರೆ.

ಇಲ್ಲಿ ಇನ್ನೊಂದು ವಿಷಯ ಮರೀಬಾರದು. ಆ ಸಿನಿಮಾ 11 ಆಸ್ಕರ್‌ಗೆ ನಾಮನಿರ್ದೇಶನ ಆಗಿ ಅಷ್ಟೂ 11 ಗೆದ್ದಿದ್ದು ಥಿಯೇಟರ್ ಆವೃತ್ತಿಗೆ. ಅದರಲ್ಲಿ ಸಂಕಲನದ ಪ್ರಶಸ್ತಿಯೂ ಇತ್ತು, ಪಡೆದವರು ಜೇಮಿ ಸೆಲ್ಕರ್ಕ್. ಕತ್ತರಿಸೋದೂ ಒಂದು ಸೃಷ್ಟಿ ಕೆಲಸ. "ಸ್ಟುಡಿಯೋ ಕಟ್" ಅಂತ ತಾತ್ಸಾರದಿಂದ ಹೇಳುವಾಗ ಎಡಿಟರ್‌ಗಳ ವರ್ಷಗಟ್ಟಲೆ ದುಡಿಮೆಯನ್ನೂ ನಾವು ತಾತ್ಸಾರ ಮಾಡ್ತೀವಿ.

ಸ್ಟುಡಿಯೋ ನಿಜವಾಗಿ ಕೆಡಿಸಿದಾಗ

ಹಾಗಂತ ಕತ್ತರಿ ಯಾವಾಗಲೂ ಒಳ್ಳೇದು ಅಂತಲೂ ಅಲ್ಲ. ರಿಡ್ಲಿ ಸ್ಕಾಟ್ ಅವರದ್ದೇ ಇನ್ನೊಂದು ಸಿನಿಮಾ ಇದೆ, 1985ರ 'ಲೆಜೆಂಡ್'. ಟಾಮ್ ಕ್ರೂಸ್ ನಾಯಕ. ಕೊಂಬು ಕುದುರೆ, ಕಾಡು, ರಾಕ್ಷಸ, ಪಕ್ಕಾ ಫ್ಯಾಂಟಸಿ. ಅಮೆರಿಕದಲ್ಲಿ ಬಿಡುಗಡೆಯಾಗಿದ್ದು ಬರೀ 89 ನಿಮಿಷದ ಆವೃತ್ತಿ. ಜೆರ್ರಿ ಗೋಲ್ಡ್‌ಸ್ಮಿತ್ ಮಾಡಿದ್ದ ವಾದ್ಯವೃಂದದ ಸಂಗೀತ ತೆಗೆದು 'ಟ್ಯಾಂಜರೀನ್ ಡ್ರೀಮ್' ತಂಡದ ಎಲೆಕ್ಟ್ರಾನಿಕ್ ಸಂಗೀತ ಹಾಕಿದ್ದರು. 2002ರಲ್ಲಿ ಸುಮಾರು 113 ನಿಮಿಷದ ಡೈರೆಕ್ಟರ್ಸ್ ಕಟ್ ಗೋಲ್ಡ್‌ಸ್ಮಿತ್ ಸಂಗೀತದ ಜೊತೆ ಬಂತು. ಕಥೆಗೆ ಉಸಿರಾಡೋಕೆ ಜಾಗ ಸಿಕ್ಕಿತು. ಇಲ್ಲಿ ಉದ್ದದ ಆವೃತ್ತಿಯೇ ಮೇಲು ಅನ್ನೋಕೆ ನನಗೆ ಅನುಮಾನ ಇಲ್ಲ.

ನಿಮಗೆ ಹೆಚ್ಚು ಪರಿಚಯ ಇರೋ ಉದಾಹರಣೆ 'ಜಸ್ಟಿಸ್ ಲೀಗ್'. ಅದು ಸೂಪರ್‌ಹೀರೋ ಸಿನಿಮಾ, ಆದರೂ ದೇವತೆಗಳು, ಪುರಾಣ, ಮಹಾಯುದ್ಧ ಎಲ್ಲಾ ಇದೆ. ಜ್ಯಾಕ್ ಸ್ನೈಡರ್ ನಡುವೆ ಸಿನಿಮಾ ಬಿಡಬೇಕಾಯ್ತು, ಜಾಸ್ ವೆಡನ್ ಮುಗಿಸಿದರು. 2017ರಲ್ಲಿ ಬಂದಿದ್ದು 120 ನಿಮಿಷ. ಅಭಿಮಾನಿಗಳು ವರ್ಷಗಟ್ಟಲೆ ಹಟ ಹಿಡಿದ ಮೇಲೆ 2021ರಲ್ಲಿ ಸ್ನೈಡರ್ ಆವೃತ್ತಿ ಬಂತು, 242 ನಿಮಿಷ. ಎರಡು ಪಟ್ಟು! ಇದನ್ನ ಉದ್ದ ಮಾಡಿದ ಸಿನಿಮಾ ಅನ್ನೋಕೆ ಆಗಲ್ಲ, ಬೇರೆಯದೇ ಸಿನಿಮಾ. ಮೊದಲಿನದರಲ್ಲಿ ಮೂಲೆಗೆ ಬಿದ್ದಿದ್ದ ಸೈಬಾರ್ಗ್ ಇಲ್ಲಿ ಕಥೆಯ ಹೃದಯ. ಮತ್ತೆ ಅದೇ ಅಳತೆಗೋಲು: ಒಂದು ಪಾತ್ರಕ್ಕೆ ಭಾರ ಬಂತು, ಸಿನಿಮಾ ಎದ್ದು ನಿಂತಿತು.

ಅಂದ್ರೆ ಮೊದಲು ಕೇಳಬೇಕಾದ ಪ್ರಶ್ನೆ ಇದು: ಚಿಕ್ಕದು ಮಾಡಿದ್ದು ಯಾರ ನಿರ್ಧಾರ? ನಿರ್ದೇಶಕರು, ಎಡಿಟರ್ ಕೂತು ಯೋಚಿಸಿ ಮಾಡಿದ್ದಾ, ಅಥವಾ ಹೆದರಿದ ಸ್ಟುಡಿಯೋ ಮಾಡಿಸಿದ್ದಾ?

ಹಾಬಿಟ್‌ನ ಪಾಠ

ಉದ್ದಕ್ಕೆ ಒಂದು ಮಿತಿ ಇದೆ ಅಂತ ತೋರಿಸಿದ್ದೂ ಜಾಕ್ಸನ್ ಅವರೇ. 'ದಿ ಹಾಬಿಟ್' ಮಕ್ಕಳಿಗಾಗಿ ಬರೆದ ಒಂದೇ ಪುಸ್ತಕ. ಮೊದಲು ಎರಡು ಸಿನಿಮಾ ಅಂತ ಇದ್ದಿದ್ದು 2012ರಲ್ಲಿ ಮೂರಾಯ್ತು. ಥಿಯೇಟರ್ ಆವೃತ್ತಿಗಳೇ 169, 161, 144 ನಿಮಿಷ. ಅದರ ಮೇಲೆ ಮತ್ತೆ ಎಕ್ಸ್‌ಟೆಂಡೆಡ್!

ಇಲ್ಲಿ ಆಗಿದ್ದೇನು ಗೊತ್ತಾ? ಲಾರ್ಡ್ ಆಫ್ ದಿ ರಿಂಗ್ಸ್ ಅಭಿಮಾನಿಗಳು ಉದ್ದದ್ದು ಬೇಕು ಅಂತ ಕೇಳಿದರೆ, ಹಾಬಿಟ್ ಅಭಿಮಾನಿಗಳು ಮನೆಯಲ್ಲೇ ಕೂತು ಮೂರೂ ಸಿನಿಮಾ ಸೇರಿಸಿ ಕತ್ತರಿಸಿ ಒಂದೇ ಸಿನಿಮಾ ಮಾಡ್ಕೊಂಡರು. ಅಂಥ ಫ್ಯಾನ್ ಎಡಿಟ್‌ಗಳು ಒಂದಲ್ಲ, ಹಲವು ಇವೆ. ದೊಡ್ಡ ಕಥೆಯನ್ನ ಕತ್ತರಿಸಿ ಮೂರು ಗಂಟೆಗೆ ತರೋದು ಒಂದು, ಚಿಕ್ಕ ಕಥೆಯನ್ನ ಎಳೆದು ಮೂರು ಗಂಟೆ ಮಾಡೋದು ಇನ್ನೊಂದು. ಮೊದಲನೇದರಲ್ಲಿ ಬಿಟ್ಟುಹೋದದ್ದು ಚೆನ್ನಾಗಿರುತ್ತೆ. ಎರಡನೇದರಲ್ಲಿ ಇರೋದೇ ಹೆಚ್ಚು. ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಹಾಗೆ.

ಬಾಹುಬಲಿ: ಉಲ್ಟಾ ದಾರಿ

ಈಗ ನಮ್ಮ ಹತ್ತಿರದ್ದು. ಕರ್ನಾಟಕದ ಚಿತ್ರಮಂದಿರಗಳಲ್ಲೂ ನಾವೆಲ್ಲ ಮುಗಿಬಿದ್ದು ನೋಡಿದ 'ಬಾಹುಬಲಿ'. 2015ರಲ್ಲಿ ಒಂದು ಭಾಗ, 2017ರಲ್ಲಿ ಇನ್ನೊಂದು. ಎರಡೂ ಸೇರಿದರೆ ಹತ್ತಿರ ಹತ್ತಿರ ಐದೂವರೆ ಗಂಟೆ. 2025ರ ಅಕ್ಟೋಬರ್ 31ಕ್ಕೆ ರಾಜಮೌಳಿ ಎರಡನ್ನೂ ಸೇರಿಸಿ 'ಬಾಹುಬಲಿ: ದಿ ಎಪಿಕ್' ಅಂತ ಬಿಡುಗಡೆ ಮಾಡಿದರು. ಉದ್ದ ಸುಮಾರು ಮೂರು ಮುಕ್ಕಾಲು ಗಂಟೆ. ಎಲ್ಲರೂ ಹೊಸ ದೃಶ್ಯ ಸೇರಿಸಿ ಮತ್ತೆ ಬಿಡುಗಡೆ ಮಾಡೋ ಕಾಲದಲ್ಲಿ ಇವರು ಒಂದೂವರೆ ಗಂಟೆಗೂ ಹೆಚ್ಚು ಕತ್ತರಿಸಿದರು!

ಹೋಗಿದ್ದೇನು? ಶಿವುಡು ಮತ್ತು ಅವಂತಿಕಾ ಪ್ರೇಮ ಕಥೆ, ಒಂದಿಷ್ಟು ಹಾಡು, ಯುದ್ಧದ ಒಂದಿಷ್ಟು ಭಾಗ. ಉಳಿದಿದ್ದು ಶಿವಗಾಮಿ, ಕಟ್ಟಪ್ಪ, ದೇವಸೇನಾ, ಸಿಂಹಾಸನದ ಜಗಳ. ಕಥೆಯ ಬೆನ್ನುಮೂಳೆ ಯಾವುದು ಅಂತ ನಿರ್ದೇಶಕರೇ ಹತ್ತು ವರ್ಷ ಆದಮೇಲೆ ಕೈಯಿಟ್ಟು ತೋರಿಸಿದ ಹಾಗಾಯ್ತು. ಅವಂತಿಕಾ ಪಾತ್ರ ಇಷ್ಟಪಟ್ಟವರಿಗೆ ಇದು ನಷ್ಟವೇ, ಅದನ್ನ ಒಪ್ಕೋಬೇಕು.

ಆದರೆ ಇನ್ನೊಂದು ನಷ್ಟದ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಕಟ್ಟಪ್ಪ ಬಾಹುಬಲಿಯನ್ನ ಯಾಕೆ ಕೊಂದ? 2015ರ ಜುಲೈನಿಂದ 2017ರ ಏಪ್ರಿಲ್‌ವರೆಗೆ ಇಡೀ ದೇಶ ಈ ಪ್ರಶ್ನೆ ಇಟ್ಕೊಂಡು ಮೀಮ್ ಮಾಡ್ತು, ಜಗಳ ಆಡ್ತು, ಥಿಯರಿ ಕಟ್ತು. 'ದಿ ಎಪಿಕ್'ನಲ್ಲಿ ಅದಕ್ಕೆ ಉತ್ತರ ಅದೇ ದಿನ, ಅದೇ ಸೀಟಲ್ಲಿ ಸಿಗುತ್ತೆ. ಸಿನಿಮಾ ಬಿಗಿಯಾಯ್ತು, ಆದರೆ ಆ ಕಾಯುವಿಕೆ ಹೋಯ್ತು. ಆ ಎರಡು ವರ್ಷವೂ ಸಿನಿಮಾದ ಭಾಗವೇ ಆಗಿತ್ತು ಅಂತ ನನಗನ್ನಿಸುತ್ತೆ. ಅದನ್ನ ಯಾವ ಎಡಿಟಿಂಗ್ ಟೇಬಲ್ ಮೇಲೂ ಮತ್ತೆ ಸೇರಿಸೋಕೆ ಆಗಲ್ಲ.

ಹಳೇದು ಉಳಿಯಬೇಕು

ಇದೆಲ್ಲ ಬರೀ ಅಭಿರುಚಿಯ ಜಗಳ ಅಲ್ಲ. ಇದರಲ್ಲಿ ನಿಜವಾಗಿ ಕಳ್ಕೊಳ್ಳೋ ಸಂಗತಿ ಒಂದಿದೆ. ಹೊಸ ಆವೃತ್ತಿ ಬಂದಾಗ ಹಳೇದಕ್ಕೆ ಏನಾಗುತ್ತೆ?

'ಸ್ಟಾರ್ ವಾರ್ಸ್' ನೋಡಿ. 1977ರ ಸಿನಿಮಾವನ್ನ ಜಾರ್ಜ್ ಲ್ಯೂಕಾಸ್ 1997ರಲ್ಲಿ ಗ್ರಾಫಿಕ್ಸ್ ಸೇರಿಸಿ 'ಸ್ಪೆಷಲ್ ಎಡಿಷನ್' ಮಾಡಿದರು. ಆಮೇಲೂ ತಿದ್ದುತ್ತಾ ಹೋದರು. ಜನ ಮೊದಲು ಪ್ರೀತಿಸಿದ್ದ, ಸಂಕಲನಕ್ಕೆ ಆಸ್ಕರ್ ಗೆದ್ದಿದ್ದ ಮೂಲ ಆವೃತ್ತಿ ಒಳ್ಳೆಯ ಗುಣಮಟ್ಟದಲ್ಲಿ ಸಿಗೋದೇ ದಶಕಗಳ ಕಾಲ ಕಷ್ಟ ಆಯ್ತು. ಕೊನೆಗೆ ಅಭಿಮಾನಿಗಳು ಹಳೇ ಫಿಲ್ಮ್ ಪ್ರಿಂಟ್ ಹುಡುಕಿ ತಾವೇ ಸ್ಕ್ಯಾನ್ ಮಾಡ್ಕೊಳ್ಳೋ ಪರಿಸ್ಥಿತಿ ಬಂತು.

ಡಿಸ್ಕ್ ಕೈಲಿದ್ದ ಕಾಲದಲ್ಲಿ ಎರಡನ್ನೂ ಶೆಲ್ಫಲ್ಲಿ ಇಟ್ಕೋಬಹುದಿತ್ತು. ಈಗ ಒಟಿಟಿಯಲ್ಲಿ ಯಾವುದು ಇಡ್ತಾರೋ ಅದೇ ಸಿನಿಮಾ. ನಾಳೆ ಬೆಳಗ್ಗೆ ಫೈಲ್ ಬದಲಾದರೆ ನಿಮಗೆ ಗೊತ್ತೂ ಆಗಲ್ಲ. ಅದಕ್ಕೇ ಉದ್ದದ್ದೋ ಚಿಕ್ಕದ್ದೋ ಅನ್ನೋ ಜಗಳದಲ್ಲಿ ನಾನು ಒಂದೇ ಒಂದು ವಿಷಯಕ್ಕೆ ಹಟ ಹಿಡೀತೀನಿ. ಎರಡೂ ಸಿಗಬೇಕು, ಯಾವುದು ಯಾವುದು ಅಂತ ಹೆಸರು ಸ್ಪಷ್ಟವಾಗಿರಬೇಕು. ಈ ವಿಷಯದಲ್ಲಿ ಜಾಕ್ಸನ್ ಅವರಿಂದ ಕಲಿಯೋದಿದೆ. ಉದ್ದದ್ದು ಮಾಡಿದರು, ಆದರೆ ಚಿಕ್ಕದ್ದನ್ನ ಅಳಿಸಲಿಲ್ಲ.

ಹಾಗಾದ್ರೆ ಹೇಗೆ ನೋಡಬೇಕು?

ಇನ್ನೂ ನೋಡಿಲ್ಲದವರಿಗೆ: ಮೂರೂ ಥಿಯೇಟರ್ ಆವೃತ್ತಿ ನೋಡಿ. ವಾರಕ್ಕೊಂದರಂತೆ ನೋಡಿದರೆ ಇನ್ನೂ ಒಳ್ಳೇದು. ನಡುವೆ ಸ್ವಲ್ಪ ಕಾಯಿರಿ, ಪರವಾಗಿಲ್ಲ. ಕಪ್ಪು ಹಡಗಿನಿಂದ ಅರಗಾರ್ನ್ ಜಿಗಿಯೋದನ್ನ ಏನೂ ಗೊತ್ತಿಲ್ಲದೆ ನೋಡುವ ಅವಕಾಶ ಒಬ್ಬರಿಗೆ ಒಂದೇ ಸಲ ಸಿಗೋದು. ನಾನು ಗುಟ್ಟು ಹೇಳಿಬಿಟ್ಟೆ ಅಂತ ಬೈಬೇಡಿ, ಮೊದಲೇ ಎಚ್ಚರಿಸಿದ್ದೆ!

ಆ ಲೋಕ ಇಷ್ಟ ಆಯ್ತು, ಬಿಟ್ಟು ಬರೋಕೆ ಮನಸ್ಸಿಲ್ಲ ಅನ್ನಿಸಿದರೆ ಒಂದಾರು ತಿಂಗಳು ಬಿಟ್ಟು ಎಕ್ಸ್‌ಟೆಂಡೆಡ್ ಶುರು ಮಾಡಿ. ಆಗ ಕಥೆ ಏನಾಗುತ್ತೆ ಅನ್ನೋ ಕುತೂಹಲ ಇರಲ್ಲ, ಹಾಗಾಗಿ ಸಸ್ಪೆನ್ಸ್ ಹಾಳಾಯ್ತು ಅನ್ನೋ ಬೇಜಾರೂ ಇಲ್ಲ. ಫರಾಮಿರ್‌ನ ಅಪ್ಪ ಯಾಕೆ ಹಾಗೆ, ಗಿಮ್ಲಿ ಯಾಕೆ ಕರಗಿದ ಅನ್ನೋದನ್ನ ನಿಧಾನಕ್ಕೆ ಸವೀಬಹುದು. ಮೊದಲ ಸಲ ಹೋದ ಊರಲ್ಲಿ ಮುಖ್ಯ ರಸ್ತೆ ಹಿಡಿದು ಹೋಗ್ತೀವಿ, ಎರಡನೇ ಸಲ ಹೋದಾಗ ಸಂದಿಗೊಂದಿ ಸುತ್ತೋಕೆ ಖುಷಿ.

ಇನ್ನು ಎಕ್ಸ್‌ಟೆಂಡೆಡ್ಡೇ ನೋಡು ಅಂತ ಎಲ್ಲರಿಗೂ ಹೇಳೋ ಆ ಫ್ರೆಂಡ್‌ಗೆ ಒಂದು ಮಾತು. ನಿಮ್ಮ ಪ್ರೀತಿ ಅರ್ಥ ಆಗುತ್ತೆ. ಆದರೆ ಮೊದಲನೇ ಸಲಕ್ಕೇ ಹನ್ನೊಂದೂವರೆ ಗಂಟೆ ಮುಂದಿಟ್ಟರೆ, ನಿಮ್ಮ ಹಾಗೆ ಅಭಿಮಾನಿ ಆಗಬೇಕಾದವರು ಎರಡನೇ ಸಿನಿಮಾದ ನಡುವೆ ಮಲಗಿಬಿಟ್ಟಾರು!

ನಿಮ್ಮ ಅನಿಸಿಕೆ ಏನು? ಉದ್ದದ ಆವೃತ್ತಿ ನೋಡಿ "ಇದಿಲ್ಲದೆ ಸಿನಿಮಾನೇ ಇಲ್ಲ" ಅನ್ನಿಸಿದ ಒಂದು ದೃಶ್ಯ, "ಇದನ್ನ ಯಾಕಪ್ಪಾ ಸೇರಿಸಿದ್ರು" ಅನ್ನಿಸಿದ ಒಂದು ದೃಶ್ಯ, ಎರಡನ್ನೂ ನಮಗೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿವರೆಗೆ ನಮಸ್ಕಾರ.